ಹುಳುಗಳ ಅಂಚೆ: ಒಂದು ಮಿಲಿಮೀಟರ್ ದುಂಬಿಗೆ ಹೆಸರು ಬರುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ತರಗೆಲೆಯ ಅಡಿಯಲ್ಲಿ ಬದುಕುವ ಸಣ್ಣ ದುಂಬಿಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ವಿಷಯ. ಹೊಸ ಪ್ರಭೇದ ಅಂತ ಹೇಳುವುದು ಹೇಗೆ? ಹೇಳಿದ ಮೇಲೆ ಏನು? ಕೃಷಿ ಕಾಲೇಜೊಂದರ ಕೀಟ ಸಂಗ್ರಹದಲ್ಲಿ ದುಂಬಿಗಳ ಕಪಾಟು ನೋಡಿಕೊಳ್ಳುತ್ತಲೇ ತಲೆಗೂದಲು ಬೆಳ್ಳಗಾದವಳು ನಾನು. ಇದು ನನಗೆ ಬಹಳ ಹತ್ತಿರದ ವಿಷಯ. ಈ ಸಲದ ಅಂಕಣ ಪೂರ್ತಿ ಇದಕ್ಕೇ. ಒಂದೊಂದು ಪತ್ರ, ಅದರ ಕೆಳಗೆ ನನ್ನ ಉತ್ತರ.

ನಾನು ಬಿ.ಎಸ್‌ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಅಡಿಕೆ ತೋಟದ ತರಗೆಲೆಯನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಕಂದು ಬಣ್ಣದ ಪುಟ್ಟ ದುಂಬಿ ಸಿಕ್ಕಿತು. ಒಂದು ಮಿಲಿಮೀಟರ್ ಕೂಡ ಇಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲೂ ಇಂಥದ್ದು ಕಾಣಲಿಲ್ಲ. ಇದು ಹೊಸ ಪ್ರಭೇದವೇ? ಹೌದಾದರೆ ನಾನೇನು ಮಾಡಬೇಕು?
— ಶಿರಸಿಯಿಂದ ಒಬ್ಬ ವಿದ್ಯಾರ್ಥಿನಿ

ಹೊಸದಿರಬಹುದು ತಂಗಿ. ಸುಮ್ನೆ ಖುಷಿಪಡಿಸಲು ಹೇಳುತ್ತಿಲ್ಲ. ನಮ್ಮ ಕಡೆಯ ತರಗೆಲೆ ದುಂಬಿಗಳನ್ನು ಕೂತು ನೋಡಿದವರೇ ಕಡಿಮೆ. ಆದರೆ ಇಂಟರ್ನೆಟ್ಟಿನಲ್ಲಿ ಕಾಣಲಿಲ್ಲ ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಇಲ್ಲಿಯವರೆಗೆ ಹೆಸರು ಪಡೆದ ದುಂಬಿಗಳೇ ಸುಮಾರು 4 ಲಕ್ಷ ಬಗೆ. ಫೋಟೊ ಸಿಗುವುದು ದೊಡ್ಡವಕ್ಕೆ, ಬಣ್ಣ ಇರುವವಕ್ಕೆ. ನಿನ್ನ ದುಂಬಿಯಂಥವಕ್ಕೆ ಎಷ್ಟೋ ಸಲ ಇರುವುದು ಯಾವುದೋ ಹಳೆಯ ಪತ್ರಿಕೆಯಲ್ಲಿ ಅರ್ಧ ಪುಟದ ಬರಹ. ಚಿತ್ರ ಕೂಡ ಇರುವುದಿಲ್ಲ. ಅದನ್ನು ಹುಡುಕಿ ಓದಿದ ಮೇಲೆಯೇ ಹೊಸದು ಎನ್ನುವ ಮಾತು.

ಮೊದಲು ಕುಟುಂಬ ಯಾವುದು ನೋಡು. ಗಟ್ಟಿಯಾದ ಹೊರರೆಕ್ಕೆಯನ್ನು ಸೂಜಿಯ ತುದಿಯಿಂದ ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಮಡಚಿಟ್ಟ ಒಳರೆಕ್ಕೆ ಇರುತ್ತದೆ. ಅದು ಬಹಳ ಕಿರಿದಾಗಿದ್ದು, ಅಂಚಿನ ಸುತ್ತ ಉದ್ದುದ್ದ ಕೂದಲು ಇದ್ದರೆ ನಿನಗೆ ಸಿಕ್ಕಿದ್ದು ಗರಿರೆಕ್ಕೆ ದುಂಬಿ. ಟಿಲಿಯಿಡೀ ಎನ್ನುವ ಕುಟುಂಬದ್ದು. ಒಂದು ಮಿಲಿಮೀಟರಿಗಿಂತ ಚಿಕ್ಕ ದುಂಬಿ ಎಂದರೆ ಈ ಕುಟುಂಬದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಕೆಲವು ಬಗೆಗಳಿಗೆ ಒಳರೆಕ್ಕೆಯೇ ಇರುವುದಿಲ್ಲ. ಹಾಗಾಗಿ ರೆಕ್ಕೆ ಕಾಣದಿದ್ದರೂ ಬೇಸರ ಬೇಡ.

ಈಗಲೇ ಮಾಡಬೇಕಾದ ಕೆಲಸ ಬೇರೆ ಇದೆ. ಹುಳುವನ್ನು ಒಣಗಲು ಬಿಡಬೇಡ. ಮುಚ್ಚಳ ಬಿಗಿಯಾಗಿ ಕೂರುವ ಪುಟ್ಟ ಸೀಸೆಯಲ್ಲಿ ಆಲ್ಕೋಹಾಲ್ ಹಾಕಿ ಅದರೊಳಗೆ ಇಡು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೇಳಿದರೆ ಕೊಡುತ್ತಾರೆ. ಆಮೇಲೆ ಒಂದು ಚೂರು ದಪ್ಪ ಕಾಗದದಲ್ಲಿ ಪೆನ್ಸಿಲಿನಿಂದ ಬರೆ: ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಫೋನ್ ತೋರಿಸುವ ಅಕ್ಷಾಂಶ ರೇಖಾಂಶ, ಅಡಿಕೆ ತೋಟ, ತರಗೆಲೆ ಜರಡಿ ಹಿಡಿದದ್ದು, ತಾರೀಕು, ನಿನ್ನ ಹೆಸರು. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಚೀಟಿಯನ್ನು ಸೀಸೆಯ ಒಳಗೇ ಹಾಕು. ಹೊರಗೆ ಅಂಟಿಸಿದ ಚೀಟಿ ನಿಮ್ಮ ಕಡೆಯ ಮಳೆಗಾಲ ಒಂದು ಕಳೆಯುವುದರೊಳಗೆ ಉದುರುತ್ತದೆ.

ಈ ಚೀಟಿಯ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಚೀಟಿ ಇಲ್ಲದ ಹುಳು ವಿಜ್ಞಾನದ ಮಟ್ಟಿಗೆ ಎಲ್ಲಿಯದೂ ಅಲ್ಲ. ಅದು ಎಷ್ಟೇ ಅಪರೂಪದ್ದಾಗಿರಲಿ, ಮುಂದೆ ಯಾರೂ ಅದರ ಜೊತೆಗಾರರನ್ನು ಹುಡುಕಲು ಆಗುವುದಿಲ್ಲ.

ಆಮೇಲೆ ಇನ್ನಷ್ಟು ಹುಳು ಬೇಕು. ಒಂದೇ ಒಂದು ನೋಡಿ ಹೊಸದು ಎನ್ನುವುದು ಕಷ್ಟ. ಅದು ಆಗತಾನೇ ಪೊರೆ ಬಿಟ್ಟ ಎಳೆಯ ದುಂಬಿಯೂ ಇರಬಹುದು, ಬಣ್ಣ ಇನ್ನೂ ಕೂತಿರುವುದಿಲ್ಲ. ದೊಡ್ಡ ಆಲಿಕೆಯೊಳಗೆ ತಂತಿ ಬಲೆ ಇಟ್ಟು, ಮೇಲೆ ತರಗೆಲೆ ಹರಡಿ, ಅದರ ಮೇಲೆ ಬಲ್ಬು ಹೊತ್ತಿಸು. ಬಿಸಿಗೂ ಒಣಗುವುದಕ್ಕೂ ಹೆದರಿ ಹುಳುಗಳು ಕೆಳಕೆಳಗೆ ಇಳಿಯುತ್ತವೆ, ಕೊನೆಗೆ ಆಲಿಕೆಯ ತುದಿಯಲ್ಲಿಟ್ಟ ಸೀಸೆಗೆ ಬೀಳುತ್ತವೆ. ಬರ್ಲೀಸ್ ಆಲಿಕೆ ಎನ್ನುತ್ತೇವೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಲಿಕೆಯಲ್ಲೇ ಮಾಡಬಹುದು. ಬಲ್ಬು ಮಾತ್ರ ಬಿಸಿಯಾಗುವ ಹಳೆಯ ತರಹದ್ದು ಇರಲಿ, ಎಲ್‌ಇಡಿ ಕೆಲಸ ಮಾಡದು. ಬಲ್ಬು ಎಲೆಗೆ ತಾಗದಂತೆ ನೋಡಿಕೋ.

ಹುಳುಗಳು ಕೂಡಿದ ಮೇಲೆ ಧಾರವಾಡ ಅಥವಾ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಬರೆ. ಬೆಂಗಳೂರಿನಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಇದೆ, ಅಲ್ಲಿಗೂ ಬರೆಯಬಹುದು. ಒಳ್ಳೆಯ ಫೋಟೊ ಒಂದೆರಡು, ಚೀಟಿಯ ವಿವರ ಕಳಿಸು. ವಿದ್ಯಾರ್ಥಿ ಎಂದು ಹಿಂಜರಿಯಬೇಡ. ಹುಳು ತಂದವರ ವಯಸ್ಸನ್ನು ನಾವು ಕೇಳುವುದಿಲ್ಲ.

ಪರಿಸರ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಹೆಸರನ್ನು ಒಂದು ದುಂಬಿಗೆ ಇಟ್ಟಿದ್ದಾರೆ ಎಂದು ಮಕ್ಕಳಿಗೆ ಪಾಠದಲ್ಲಿ ಹೇಳಿದೆ. ಆದರೆ ಅದು ಸಿಕ್ಕಿದ್ದು 1965ರಲ್ಲಂತೆ, ಹೆಸರಿಟ್ಟದ್ದು 2019ರಲ್ಲಂತೆ. 54 ವರ್ಷ ಯಾಕೆ ಬೇಕಾಯಿತು ಎಂದು ಮಕ್ಕಳು ಕೇಳಿದರು. ಏನು ಹೇಳಲಿ?
— ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರು

ಮೇಷ್ಟ್ರೇ, ಮಕ್ಕಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ.

ಆ ದುಂಬಿ ನೆಲೊಪ್ಟೋಡಿಸ್ ಗ್ರೇಟೇ. ಕೀನ್ಯಾದ ನೈರೋಬಿಯಲ್ಲಿ ವಿಲಿಯಂ ಬ್ಲಾಕ್ ಎನ್ನುವವರು 1965ರಲ್ಲಿ ಮಣ್ಣು, ತರಗೆಲೆಗಳಿಂದ ಹುಳುಗಳನ್ನು ಬೇರ್ಪಡಿಸಿ ಕೂಡಿಟ್ಟರು. ಆ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ಅಲ್ಲಿಯೇ ಇತ್ತು. ಗರಿರೆಕ್ಕೆ ದುಂಬಿಗಳನ್ನು ಬಲ್ಲ ಮೈಕಲ್ ಡಾರ್ಬಿ ಮ್ಯೂಸಿಯಂನಲ್ಲಿ ಕೂತು ಆ ಹಳೆಯ ಮಾದರಿಗಳನ್ನು ಒಂದೊಂದಾಗಿ ನೋಡಿದರು. ಉದ್ದ 0.79 ಮಿಲಿಮೀಟರ್. ತಿಳಿ ಹಳದಿ ಬಣ್ಣ. ಕಣ್ಣಿಲ್ಲ, ರೆಕ್ಕೆಯಿಲ್ಲ. ಉದ್ದನೆಯ ಕುಡಿಮೀಸೆ. ಗ್ರೇಟಾ ಅವರ ಜಡೆ ನೆನಪಾಗುತ್ತದೆ ಎಂದು ಸುದ್ದಿಪತ್ರಿಕೆಗಳು ಬರೆದದ್ದು ಈ ಮೀಸೆಯನ್ನು ನೋಡಿಯೇ.

ಮಕ್ಕಳಿಗೆ ಇದನ್ನು ಹೇಳಿ: 54 ವರ್ಷ ಆ ದುಂಬಿ ಕಾದದ್ದು ಅದನ್ನು ಗುರುತಿಸಬಲ್ಲ ಒಬ್ಬ ಮನುಷ್ಯನಿಗಾಗಿ. ಹುಳು ಇತ್ತು, ಸೀಸೆ ಇತ್ತು, ಚೀಟಿ ಇತ್ತು. ನೋಡುವ ಕಣ್ಣು ಇರಲಿಲ್ಲ. ಇದೇನೂ ಅಪರೂಪವಲ್ಲ. 2012ರಲ್ಲಿ ಫ್ರೆಂಚ್ ವಿಜ್ಞಾನಿಗಳ ತಂಡ ಲೆಕ್ಕ ಹಾಕಿತು. ಒಂದು ಜೀವಿಯ ಮಾದರಿ ಮೊದಲು ಕೈಗೆ ಸಿಕ್ಕ ದಿನದಿಂದ ಹೊಸ ಪ್ರಭೇದ ಎಂದು ಪ್ರಕಟವಾಗುವ ತನಕ ಸರಾಸರಿ 21 ವರ್ಷ. ಚಾರ್ಲ್ಸ್ ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದಲ್ಲಿ ಹಿಡಿದ ಒಂದು ದುಂಬಿಗೆ ಹೆಸರು ಬಂದದ್ದು 2014ರಲ್ಲಿ! ಜನ ತಿಳಿದುಕೊಂಡಿರುವುದು ಹೊಸ ಪ್ರಭೇದ ಕಾಡಿನಲ್ಲಿ ಸಿಗುತ್ತದೆ ಅಂತ. ಬಹಳ ಸಲ ಅದು ಸಿಗುವುದು ಕಪಾಟಿನಲ್ಲಿ. ಅದಕ್ಕೇ ಹಳೆಯ ಸಂಗ್ರಹಗಳನ್ನು ಜಾಗ ಇಲ್ಲ ಎಂದು ಮೂಲೆಗೆ ತಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನುಸಿಗುಳಿಗೆ ಹಾಕದೆ ಒಂದೆರಡು ವರ್ಷ ಬಿಟ್ಟರೆ ಸಾಕು, ಒಣ ಹುಳು ತಿನ್ನುವ ಬೇರೆ ದುಂಬಿಗಳು ಪೆಟ್ಟಿಗೆಯನ್ನೇ ಖಾಲಿ ಮಾಡುತ್ತವೆ. ಉಳಿಯುವುದು ಸೂಜಿ, ಚೀಟಿ, ಒಂದಿಷ್ಟು ಪುಡಿ.

ಇನ್ನು ಕೆಲಸ ಶುರುವಾದ ಮೇಲೂ ನಿಧಾನವೇ. ಅದನ್ನೂ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಮೊದಲು ಫ್ಯಾನ್ ಆರಿಸುತ್ತೇವೆ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಫ್ಯಾನ್ ಇಲ್ಲ, ಕಿಟಕಿ ಮುಚ್ಚಿ ಕೂರಬೇಕು. ಆಲ್ಕೋಹಾಲಿನಿಂದ ಹೊರತೆಗೆದು ಒಣಗಿಸಿದ ಈ ದುಂಬಿ ಉಸಿರಿಗೂ ಹಾರಿ ಹೋಗುತ್ತದೆ. ಬ್ರಷ್ಷಿನಲ್ಲಿ ಒಂದೆರಡೇ ಕೂದಲು ಬಿಟ್ಟು ಉಳಿದದ್ದನ್ನು ಕತ್ತರಿಸಿ ಇಟ್ಟುಕೊಂಡಿರುತ್ತೇವೆ. ಅದನ್ನು ಒದ್ದೆ ಮಾಡಿ ತಾಗಿಸಿದರೆ ದುಂಬಿ ಅಂಟಿಕೊಂಡು ಬರುತ್ತದೆ. ತ್ರಿಕೋನವಾಗಿ ಕತ್ತರಿಸಿದ ಬಿಳಿ ರಟ್ಟಿನ ತುದಿಗೆ ಕಣ್ಣಿಗೆ ಕಾಣದಷ್ಟು ಗೋಂದು ಸವರಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಕೂರಿಸಬೇಕು. ಗೋಂದು ಜಾಸ್ತಿಯಾದರೆ ಕಾಲುಗಳೆಲ್ಲ ಮುಳುಗಿ ಕೂದಲು ಎಣಿಸಲು ಆಗುವುದಿಲ್ಲ. ಕಮ್ಮಿಯಾದರೆ ನಾಳೆ ಬೆಳಿಗ್ಗೆ ದುಂಬಿ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ.

ಇನ್ನು ಕೆಲವನ್ನು ಬಿಚ್ಚಬೇಕು. ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಇಟ್ಟರೆ ಒಳಗಿನ ಮಾಂಸಲ ಭಾಗ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಗರಿರೆಕ್ಕೆ ದುಂಬಿಗಳಲ್ಲಿ ಹೊರಗಿನಿಂದ ಎರಡು ಪ್ರಭೇದ ಒಂದೇ ರೀತಿ ಕಾಣಬಹುದು. ಆದರೆ ಹೆಣ್ಣಿನ ಹೊಟ್ಟೆಯೊಳಗೆ ವೀರ್ಯ ಕೂಡಿಟ್ಟುಕೊಳ್ಳುವ ಪುಟ್ಟ ಚೀಲ ಒಂದಿದೆ. ಅದರ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಒಂದರಲ್ಲಿ ಸುರುಳಿ, ಇನ್ನೊಂದರಲ್ಲಿ ಬರೀ ಬಾಗು. ಹೆಚ್ಚಿನ ಜಗಳಗಳು ಬಗೆಹರಿಯುವುದು ಅಲ್ಲಿ. ಅದನ್ನು ಸ್ಲೈಡಿನ ಮೇಲೆ ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸಿ, ದೊಡ್ಡ ಮೈಕ್ರೋಸ್ಕೋಪಿನ ಅಡಿಯಲ್ಲಿ ಚಿತ್ರ ಬರೆಯುತ್ತೇವೆ.

ಬರೆಯುವುದು ಕೊನೆಗೆ. ಉದ್ದ ಎಷ್ಟು, ಅಗಲ ಎಷ್ಟು, ಮೀಸೆಯಲ್ಲಿ ಎಷ್ಟು ಗಿಣ್ಣು, ಬೆನ್ನ ಮೇಲಿನ ಕುಳಿಗಳು ಎಷ್ಟು ದೂರ ದೂರ, ಕೂದಲು ಯಾವ ಕಡೆಗೆ ಬಾಗಿದೆ. ಓದಲು ಸೊಗಸಿಲ್ಲ, ಗೊತ್ತು. ಆದರೆ ಇದರೊಳಗೆ ಒಂದು ಭಾಗ ಇದೆ, ಅದನ್ನು ಬರೆಯುವಾಗ ಮೈಯೆಲ್ಲಾ ಎಚ್ಚರವಾಗಿರಬೇಕು. ಈ ದುಂಬಿ ಅದರ ಹತ್ತಿರದ ನೆಂಟನಿಗಿಂತ ಯಾವುದರಲ್ಲಿ ಬೇರೆ ಎಂದು ಹೇಳುವ ಎರಡು ಮೂರು ಸಾಲು. ಉಳಿದ ಹತ್ತು ಪುಟ ಇದ್ದು ಈ ಸಾಲುಗಳು ಮಸುಕಾಗಿದ್ದರೆ ಆ ವಿವರಣೆಯಿಂದ ಯಾರಿಗೂ ಉಪಯೋಗವಿಲ್ಲ. ಹಿಂದಿನ ಕಾಲದವರು ಹಾಗೆ ಬರೆದಿಟ್ಟ ಎಷ್ಟೋ ಹೆಸರುಗಳನ್ನು ಬಿಡಿಸಲು ನಮ್ಮ ತಲೆಮಾರು ಒದ್ದಾಡಿದೆ.

ಕೊನೆಗೆ ಒಂದೇ ಒಂದು ದುಂಬಿಯನ್ನು ಹೋಲೋಟೈಪ್ ಎಂದು ಆರಿಸುತ್ತೇವೆ. ಅದಕ್ಕೆ ಸಾಮಾನ್ಯವಾಗಿ ಕೆಂಪು ಚೀಟಿ. ಹೆಸರು ಗಂಟು ಬೀಳುವುದು ಆ ಒಂದು ಮೈಗೆ. ಮುಂದೆ ಯಾವಾಗಲಾದರೂ ಅನುಮಾನ ಬಂದರೆ ತೆಗೆದು ನೋಡುವುದು ಅದನ್ನೇ. ಜೊತೆಯ ಉಳಿದವು ಪ್ಯಾರಾಟೈಪ್. ಅವನ್ನು ಬೇರೆ ಬೇರೆ ಸಂಗ್ರಹಾಲಯಗಳಿಗೆ ಹಂಚಿ ಇಡುವುದು ಒಳ್ಳೆಯದು. ಒಂದು ಕಡೆ ಬೆಂಕಿಯೋ ನೀರೋ ಬಂದರೆ ಇನ್ನೊಂದು ಕಡೆ ಉಳಿಯುತ್ತದೆ.

ಅಜ್ಜಿ, ಅಷ್ಟು ಚಿಕ್ಕ ಹುಳುವಿಗೆ ಹೊಟ್ಟೆ, ಮಿದುಳು, ಹೃದಯ ಎಲ್ಲಾ ಇರುತ್ತಾ? ಅದು ಹಾರುತ್ತಾ? ಎಲ್ಲಕ್ಕಿಂತ ಚಿಕ್ಕದು ಯಾವುದು?
— ಕೋಲಾರದಿಂದ ಆರನೇ ಕ್ಲಾಸಿನ ಹುಡುಗ

ಪುಟ್ಟಾ, ಮನೆಯಲ್ಲಿ ರಾಗಿ ಇದ್ದೇ ಇರುತ್ತೆ ಅಲ್ವಾ? ಒಂದು ಕಾಳು ಅಂಗೈ ಮೇಲೆ ಇಟ್ಟುಕೋ. ಗ್ರೇಟಾ ಹೆಸರಿನ ದುಂಬಿ ಅದರ ಅರ್ಧ ಇದ್ದೀತು. ನಾನೀಗ ಹೇಳುವ ದುಂಬಿ ಅದಕ್ಕಿಂತಲೂ ಚಿಕ್ಕದು. ಹೆಸರು ಸ್ಕೈಡೊಸೆಲ್ಲಾ ಮುಸಾವಾಸೆನ್ಸಿಸ್. ಮಧ್ಯ ಅಮೆರಿಕದ ನಿಕರಾಗುವಾ ದೇಶದ ಮುಸಾವಾಸ್ ಎಂಬಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ವೆಸ್ಲಿ ಹಾಲ್ ಎನ್ನುವವರು 1999ರಲ್ಲಿ ಅದನ್ನು ವಿವರಿಸಿದರು. ಆಗ ಇದ್ದ ಹುಳುಗಳೆಲ್ಲ ಸ್ಲೈಡಿನ ಮೇಲಿದ್ದವು, ಸರಿಯಾಗಿ ಅಳೆಯಲು ಆಗುತ್ತಿರಲಿಲ್ಲ. 2015ರಲ್ಲಿ ರಷ್ಯಾದ ಅಲೆಕ್ಸಿ ಪೊಲಿಲೋವ್ ಕೊಲಂಬಿಯಾದಲ್ಲಿ ಸಿಕ್ಕಿದ ಹುಳುಗಳನ್ನು ಅಳೆದರು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಉದ್ದ 0.325 ಮಿಲಿಮೀಟರ್. ಬೇರೆ ಹುಳುವಿನ ಮೈಯೊಳಗೆ ಬೆಳೆಯದೆ ತಾನಾಗಿ ಬದುಕುವ ಕೀಟಗಳಲ್ಲಿ ಗೊತ್ತಿರುವಷ್ಟಕ್ಕೆ ಅದೇ ಚಿಕ್ಕದು. ಅಣಬೆಯ ಮೇಲೆ ಬದುಕುತ್ತದೆ. ಬೇರೆ ಕೀಟದ ಮೊಟ್ಟೆಯೊಳಗೆ ಬೆಳೆಯುವ ಕಣಜಗಳಲ್ಲಿ ಇನ್ನೂ ಚಿಕ್ಕವು ಇವೆ.

ಮಿದುಳು ಇದೆ, ಹೊಟ್ಟೆ ಇದೆ, ಕಾಲು ಆರು ಇವೆ. ಆದರೆ ಇಂಥ ಬಹಳ ಚಿಕ್ಕ ಗರಿರೆಕ್ಕೆ ದುಂಬಿಗಳಲ್ಲಿ ಹೃದಯ ಇಲ್ಲ! ಮೈ ಅಷ್ಟು ಸಣ್ಣದು ಪುಟ್ಟಾ, ರಕ್ತವನ್ನು ತಳ್ಳುವ ಪಂಪೇ ಬೇಡ. ಮೊಟ್ಟೆ ಮಾತ್ರ ತೀರಾ ಚಿಕ್ಕದಾಗಲು ಆಗುವುದಿಲ್ಲ, ಅದರೊಳಗೆ ಮರಿ ಹಿಡಿಸಬೇಕಲ್ಲ. ಹಾಗಾಗಿ ತಾಯಿ ಒಂದು ಸಲಕ್ಕೆ ಒಂದೇ ಮೊಟ್ಟೆ ಬೆಳೆಸುತ್ತಾಳೆ. ಆ ಒಂದೇ ಅವಳ ಹೊಟ್ಟೆಯ ಬಹುಪಾಲು ತುಂಬಿಕೊಂಡಿರುತ್ತದೆ.

ಹಾರುವುದಂತೂ ನೋಡಬೇಕು. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪೊಲಿಲೋವ್ ಅವರ ತಂಡ ಇದನ್ನು ಪ್ರಕಟಿಸಿತು. ಪ್ಯಾರಾಟುಪೋಸ ಎನ್ನುವ ದುಂಬಿ, ಉದ್ದ 0.4 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದರೆ ಅದರ ಕೂದಲುರೆಕ್ಕೆ ಗಾಳಿಯಲ್ಲಿ ಅಗಲವಾದ 8 ಬರೆಯುತ್ತದೆ. ಒಮ್ಮೆ ಎರಡೂ ರೆಕ್ಕೆ ಮೇಲೆ ಬಂದು ತಾಗುತ್ತವೆ, ಒಮ್ಮೆ ಕೆಳಗೆ. ಇಷ್ಟು ಜೋರಾಗಿ ಬಡಿದರೆ ಮೈ ತೂಗಾಡಬೇಕು. ಹಾಗೆ ಆಗದಂತೆ ಹೊರಗಿನ ಗಟ್ಟಿ ರೆಕ್ಕೆಗಳು ತೆರೆದು ಮುಚ್ಚಿ ಸಮ ಮಾಡುತ್ತವೆ. ರೆಕ್ಕೆಗೆ ಚರ್ಮದ ಬದಲು ಕೂದಲು ಇರುವುದರಿಂದ ತೂಕ ಬಹಳ ಕಡಿಮೆ. ಇಷ್ಟು ಚಿಕ್ಕ ಮೈಗೆ ಗಾಳಿ ಬೆಲ್ಲದ ಪಾಕದ ಹಾಗೆ ಮಂದವಾಗಿರುತ್ತದೆ, ಕೂದಲಿನ ನಡುವೆ ಸುಲಭಕ್ಕೆ ನುಗ್ಗುವುದಿಲ್ಲ. ಅದಕ್ಕೇ ಕೂದಲಿನ ರೆಕ್ಕೆಯೂ ಹಾರಿಸುತ್ತದೆ.

ಹೊಲದಲ್ಲಿ ಹುಳದ ಕಾಟಕ್ಕೆ ಬೇಸತ್ತವನು ನಾನು. ಒಂದೆರಡು ಮಿಲಿಮೀಟರಿನ ಹುಳುವಿಗೆ ಹೆಸರಿಡಲು ವರ್ಷಗಟ್ಟಲೆ ಕೂತರೆ ರೈತನಿಗೆ ಏನು ಬಂತು?
— ದಾವಣಗೆರೆ ಜಿಲ್ಲೆಯ ರೈತರು

ಯಜಮಾನರೇ, ಕೇಳಬೇಕಾದ್ದನ್ನೇ ಕೇಳಿದ್ದೀರಿ. ನಡೆದ ಸಂಗತಿಯೊಂದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಸಾಲ್ವಿನಿಯ ಎನ್ನುವ ನೀರಿನ ಕಳೆ ಇದೆ. ಕೇರಳದಲ್ಲಿ ಆಫ್ರಿಕನ್ ಪಾಯಲ್ ಎನ್ನುತ್ತಾರೆ. ತೇಲುವ ಜರೀಗಿಡ. ಬೀಜ ಇಲ್ಲ, ಬಿತ್ತನೆ ಬೇಡ, ಮುರಿದ ಪ್ರತಿ ಚೂರೂ ಹೊಸ ಗಿಡ. ಅನುಕೂಲ ಸಿಕ್ಕರೆ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಆಫ್ರಿಕಾ, ಶ್ರೀಲಂಕಾ, ಆಸ್ಟ್ರೇಲಿಯಾ, ನಮ್ಮ ಕೇರಳದ ಕಾಲುವೆ, ಭತ್ತದ ಗದ್ದೆ ಎಲ್ಲ ಕಡೆ ದಪ್ಪ ಹಾಸಾಗಿ ಕೂತಿತು. ದೋಣಿ ಹೋಗದು, ಬಲೆ ಬೀಸಲಾಗದು, ನೀರಿನೊಳಗೆ ಬೆಳಕು ಇಳಿಯದು.

ಕಳೆಯ ತವರಿನಿಂದ ಅದನ್ನು ತಿನ್ನುವ ಹುಳು ತರೋಣ ಎಂದರೆ ಮೊದಲು ತವರು ಯಾವುದು ಗೊತ್ತಿರಬೇಕು. ಬಹಳ ಕಾಲ ಈ ಗಿಡವನ್ನು ಸಾಲ್ವಿನಿಯ ಆರಿಕ್ಯುಲೇಟ ಎಂದುಕೊಂಡಿದ್ದರು. 1972ರಲ್ಲಿ ಡಿ.ಎಸ್. ಮಿಚೆಲ್ ಇದು ಬೇರೆಯದೇ ಪ್ರಭೇದ ಎಂದು ವಿವರಿಸಿ ಸಾಲ್ವಿನಿಯ ಮೊಲೆಸ್ಟ ಎಂದು ಹೆಸರಿಟ್ಟರು. ಆರಿಕ್ಯುಲೇಟ ಬೆಳೆಯುವ ಟ್ರಿನಿಡಾಡಿನಿಂದ ಸಿರ್ಟೊಬ್ಯಾಗಸ್ ಸಿಂಗ್ಯುಲಾರಿಸ್ ಎಂಬ ಮೂತಿಹುಳುವನ್ನು (ಉದ್ದ ಮೂತಿಯ ಒಂದು ಬಗೆಯ ದುಂಬಿ) ತಂದು 1970ರ ದಶಕದಲ್ಲಿ ಆಫ್ರಿಕಾದಲ್ಲಿ ಬಿಟ್ಟು ನೋಡಿದ್ದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

1978ರಲ್ಲಿ ಮೊಲೆಸ್ಟದ ನಿಜವಾದ ತವರು ಆಗ್ನೇಯ ಬ್ರೆಜಿಲಿನಲ್ಲಿ ಸಿಕ್ಕಿತು. ಅಲ್ಲೂ ಅದರ ಮೇಲೆ ಮೂತಿಹುಳು ಇತ್ತು. ಸುಮಾರು 2 ಮಿಲಿಮೀಟರ್, ಕಪ್ಪು. ನೋಡಲು ಸಿಂಗ್ಯುಲಾರಿಸ್ ತರಹವೇ, ಎಲ್ಲರೂ ಅದೇ ಎಂದುಕೊಂಡರು. 1980ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂಂಡಾರ ಸರೋವರದಲ್ಲಿ ಬಿಟ್ಟರು. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಸಾವಿರಾರು ಟನ್ ಕಳೆ ಕೊಳೆತು ಮುಳುಗಿತು. ಅದೇ ಹುಳು ಅಲ್ಲಿ ಸೋತು ಇಲ್ಲಿ ಗೆದ್ದದ್ದು ಹೇಗೆ?

ಕಾಲ್ಡರ್ ಮತ್ತು ಸ್ಯಾಂಡ್ಸ್ ಎಂಬ ಇಬ್ಬರು ಎರಡೂ ಕಡೆಯ ಹುಳುಗಳನ್ನು ಮೈಕ್ರೋಸ್ಕೋಪಿನ ಅಡಿಯಲ್ಲಿ ಹೋಲಿಸಿದರು. ಬ್ರೆಜಿಲಿನದು ಸ್ವಲ್ಪ ಚಿಕ್ಕದು, ಗಂಡಿನ ಜನನಾಂಗದ ಆಕಾರ ಬೇರೆ. 1985ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ ಸಿರ್ಟೊಬ್ಯಾಗಸ್ ಸಾಲ್ವಿನಿಯೇ ಎಂದು ಹೆಸರಿಟ್ಟರು. ಬದುಕುವ ರೀತಿಯೂ ಬೇರೆಯೇ. ಸಾಲ್ವಿನಿಯೇಯ ಮರಿಗಳು ಗಿಡದ ಕಾಂಡದೊಳಗೆ ಸುರಂಗ ಕೊರೆಯುತ್ತವೆ, ದೊಡ್ಡವು ಕುಡಿ ತಿನ್ನುತ್ತವೆ. ಗಿಡ ಎದ್ದೇಳುವ ದಾರಿಯೇ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ಈ ಹುಳು ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂದದ್ದು 1982ರಲ್ಲಿ, ಅಂದರೆ ಅದಕ್ಕೆ ಸರಿಯಾದ ಹೆಸರೇ ಇಲ್ಲದಾಗ. ಬೇರೆ ಬೆಳೆ ತಿನ್ನುವುದಿಲ್ಲ ಎಂದು ಪರೀಕ್ಷಿಸಿದ ಮೇಲೆ ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಬಿಟ್ಟರು. ವರ್ಷ ತುಂಬುವ ಮೊದಲೇ ಸಾಲ್ವಿನಿಯ ಕುಸಿದು, ಅದರಡಿ ಉಸಿರುಗಟ್ಟಿದ್ದ ತಾವರೆ ಜಾತಿಯ ಗಿಡಗಳು ಮತ್ತೆ ಚಿಗುರಿದವು. ಆಮೇಲೆ ಕೇರಳದ ನೀರಿಗೂ ಹೋಯಿತು, ಅಲ್ಲೂ ಕಳೆ ಇಳಿಯಿತು. ಒಂದು ಹನಿ ಕಳೆನಾಶಕ ಬೇಕಾಗಲಿಲ್ಲ.

ಇನ್ನು ಯಾರಾದರೂ ಇದೇ ಹುಳು ತರಿಸಬೇಕೆಂದರೆ ಯಾವುದನ್ನು ಕೇಳಬೇಕು ಎಂದು ಗೊತ್ತು. ತಪ್ಪು ಹುಳು ತಂದು ವರ್ಷಗಟ್ಟಲೆ ಕಾಯುವುದು ತಪ್ಪಿತು. ಬಂತಲ್ಲ ರೈತನಿಗೆ?

ಡಿಎನ್‌ಎ ಪರೀಕ್ಷೆ ಇರುವಾಗ ಕೂದಲು ಎಣಿಸುವುದು ಯಾಕೆ?
— ಬೆಂಗಳೂರಿನ ಎಂಜಿನಿಯರ್

ಎರಡೂ ಬೇಕು. ಸಿಒಐ ಎನ್ನುವ ಜೀನಿನ ಸುಮಾರು 650 ಅಕ್ಷರಗಳ ತುಣುಕು ಓದಿ ಹೋಲಿಸುವುದು ಈಗ ಸಾಮಾನ್ಯ. ಅಲೆಕ್ಸಾಂಡರ್ ರೀಡೆಲ್ ಅವರ ತಂಡ 2019ರಲ್ಲಿ ಇಂಡೋನೇಷ್ಯಾದ ಸುಲವೇಸಿ ದ್ವೀಪವೊಂದರಿಂದಲೇ 103 ಹೊಸ ಮೂತಿಹುಳುಗಳನ್ನು ಒಂದೇ ಬರಹದಲ್ಲಿ ವಿವರಿಸಿತು. ಅಷ್ಟು ಬೇಗ ಆದದ್ದು ಡಿಎನ್‌ಎ ನೆರವಿನಿಂದಲೇ. ಆದರೆ ಹಳೆಯ ಹೋಲೋಟೈಪ್‌ಗಳಲ್ಲಿ ಎಷ್ಟೋ ಸಲ ಡಿಎನ್‌ಎ ಓದುವ ಸ್ಥಿತಿಯಲ್ಲಿ ಇರುವುದಿಲ್ಲ. ಅವಕ್ಕೆ ಹೋಲಿಸಲು ಇರುವುದು ಮೈ ಮಾತ್ರ. ಇನ್ನೊಂದು ವಿಷಯ: ಹೊಲದ ಬದುವಿನಲ್ಲಿ ನಿಂತವರ ಕೈಯಲ್ಲಿ ಇರುವುದು ಭೂತಗನ್ನಡಿ, ಡಿಎನ್‌ಎ ಯಂತ್ರ ಅಲ್ಲ.

ನನ್ನ ಮಗ ಕೀಟಶಾಸ್ತ್ರ ಓದುತ್ತಿದ್ದಾನೆ. ಹೊಸ ಹುಳು ಸಿಕ್ಕರೆ ಅಮ್ಮಾ, ನಿನ್ನ ಹೆಸರಿಡುತ್ತೇನೆ ಎನ್ನುತ್ತಾನೆ. ಹಾಗೆ ಇಡಬಹುದೇ? ಕನ್ನಡದ ಹೆಸರು ನಡೆಯುತ್ತದೆಯೇ?
— ಮೈಸೂರಿನ ಗೃಹಿಣಿ

ಖಂಡಿತ ಇಡಬಹುದು ತಾಯಿ. ಹೆಂಗಸಿನ ಹೆಸರಾದರೆ ಕೊನೆಗೆ 'ಏ' ಸೇರುತ್ತದೆ, ಗ್ರೇಟಾ ಗ್ರೇಟೇ ಆದ ಹಾಗೆ. ಗಂಡಸಿನದಾದರೆ 'ಐ'. ಎರಡು ಪದದ ಹೆಸರು (ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು), ರೋಮನ್ ಲಿಪಿಯಲ್ಲಿ ಬರೆದಿರಬೇಕು, ಅದೇ ಕುಲದಲ್ಲಿ ಮೊದಲು ಬಳಸಿರಬಾರದು, ಪ್ರಕಟವಾಗಿರಬೇಕು, ಹೋಲೋಟೈಪ್ ಎಲ್ಲಿದೆ ಎಂದು ಹೇಳಿರಬೇಕು. ಭಾಷೆ ಯಾವುದಾದರೂ ಆದೀತು. ನಮ್ಮ ಪಶ್ಚಿಮ ಘಟ್ಟದ ಒಂದು ಕಪ್ಪೆ ಮೊಟ್ಟೆಯ ಮೇಲೆ ಮಣ್ಣು ಮೆತ್ತುತ್ತದೆ. 2014ರಲ್ಲಿ ಅದಕ್ಕೆ ಬಂದ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಮಂಗಳೂರಿನಲ್ಲಿ ಸಿಕ್ಕ ಕಪ್ಪೆ 2018ರಲ್ಲಿ ಮೈಕ್ರೊಹೈಲ ಕೊಡಿಯಾಲ್ ಆಯಿತು, ಊರಿಗೆ ಕೊಂಕಣಿಯಲ್ಲಿರುವ ಹೆಸರಿನಿಂದ. ಎರಡೂ ನನಗೆ ಬಹಳ ಇಷ್ಟ. ಹೆಸರು ಕೇಳಿದರೇ ಜೀವಿಯ ನಡತೆಯೋ ಊರೋ ಗೊತ್ತಾಗುತ್ತದೆ.

ಬದುಕಿರುವ ದೊಡ್ಡ ಮನುಷ್ಯರ ಹೆಸರು ಇಡುವಾಗ ಮಾತ್ರ ಎರಡು ಸಲ ಯೋಚಿಸಲು ಮಗನಿಗೆ ಹೇಳಿ. ಸ್ಲೊವೇನಿಯಾದ ಗುಹೆಗಳ ಕಣ್ಣಿಲ್ಲದ ದುಂಬಿಯೊಂದಕ್ಕೆ 1930ರ ದಶಕದಲ್ಲಿ ಹಿಟ್ಲರನ ಹೆಸರಿಟ್ಟರು. ನಿಯಮದ ಪ್ರಕಾರ ಬದಲಿಸುವ ಹಾಗಿಲ್ಲ. ಈಗ ಆ ಹೆಸರಿನ ಆಸೆಗೇ ಜನ ಅದನ್ನು ಹಿಡಿದು ಮಾರುತ್ತಾರೆ. ಗುಹೆಯಲ್ಲಿ ತನ್ನ ಪಾಡಿಗೆ ಇದ್ದ ಹುಳು ಅದು.

ಹುಳುವನ್ನು ಕೊಲ್ಲದೆ ಫೋಟೊ ತೆಗೆದು ಹೆಸರಿಡಲು ಆಗಲ್ವಾ? ಓದುತ್ತಾ ಮನಸ್ಸಿಗೆ ಕಷ್ಟವಾಯಿತು.
— ಬೆಳಗಾವಿಯ ಓದುಗರು

ನಿಮ್ಮ ಕಷ್ಟ ನನಗೂ ಗೊತ್ತು. ಫೋಟೊದಿಂದ ಹೆಸರಿಟ್ಟದ್ದೂ ಉಂಟು. ದಕ್ಷಿಣ ಆಫ್ರಿಕಾದ ಒಂದು ನೊಣವನ್ನು 2015ರಲ್ಲಿ ಬರೀ ಫೋಟೊ ಆಧರಿಸಿ ವಿವರಿಸಿದರು. ಅದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ದೊಡ್ಡ ಮೈಯ, ಎದ್ದು ಕಾಣುವ ಗುರುತಿನ ಜೀವಿಗಳಿಗೆ ಅದು ಹೇಗೋ ಆದೀತು. ಒಂದು ಮಿಲಿಮೀಟರಿನ ದುಂಬಿಗೆ ಆಗುವುದಿಲ್ಲ. ಅದರ ಗುರುತು ಇರುವುದೇ ಹೊಟ್ಟೆಯೊಳಗೆ.

ಹಾಗೆಂದು ಬೇಕಾಬಿಟ್ಟಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಬೇಕಾದಷ್ಟೇ ತೆಗೆದುಕೊಂಡು ಜರಡಿಯ ಉಳಿದ ತರಗೆಲೆಯನ್ನು ತಂದ ಜಾಗಕ್ಕೇ ಸುರಿಯಬೇಕು. ಗುಹೆ, ಒಂದೇ ಝರಿ, ಬೆಟ್ಟದ ತುದಿ, ಇಂಥ ಕಡೆ ಬದುಕುವವನ್ನು ಇನ್ನೂ ಕಡಿಮೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಪತ್ರ ಇಲ್ಲದೆ ಒಂದು ಎಲೆಯನ್ನೂ ಎತ್ತಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಲೇಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ಹಾಗೆ ಇಟ್ಟರೆ ಮುಂದಿನವರು ಅನುಮಾನ ಬಂದಾಗಲೆಲ್ಲ ಹೊಸದಾಗಿ ಹುಳು ಹಿಡಿಯಬೇಕಾಗಿಲ್ಲ. ಇಟ್ಟದ್ದನ್ನೇ ತೆಗೆದು ನೋಡಬಹುದು.